ಸಿಂಹಾಸನದಲ್ಲಿ ಕುಳಿತಿರುವ ಕಷ್ಟ

ಏಳುವುದು ಕಷ್ಟ, ಅದರಲ್ಲೂ ಬೆಳಿಗ್ಗೆ ಏಳುವುದು ಮಹಾಕಷ್ಟ ಎಂದು ಲೋಕದಲ್ಲಿ ಎಲ್ಲರೂ ಗೋಳಾಡುತ್ತಾರೆ. ನನ್ನ ಗೋಳು ಬೇರೆ. ನನಗೆ ಕುಳಿತಿರಲು ಬರುವುದಿಲ್ಲ. ಇಪ್ಪತ್ತನಾಲ್ಕು ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದ ನನ್ನ ಕಾಲುಗಳು, ಮೇಲಿನ ದರ್ಜೆಯವರು ಕಂಡ ಕೂಡಲೇ ನನ್ನನ್ನು ಒಂದು ಮಾತೂ ಕೇಳದೆ ಎದ್ದು ನಿಲ್ಲುತ್ತವೆ. ಮೂಡುಬಿದಿರೆಯ ಒಂದು ಮದುವೆಯಲ್ಲಿ ಬ್ಯಾಂಡಿನವನ ಹೆಗಲ ಮೇಲೆ ಮೂರು ನಕ್ಷತ್ರ ಕಂಡು, ಪಾಯಸ ಬಡಿಸುತ್ತಿದ್ದ ಹೊತ್ತಿನಲ್ಲಿ ಊಟದಿಂದ ಅರ್ಧ ಎದ್ದವನು ನಾನು. ಪಾಯಸ ಪಕ್ಕದವರ ಎಲೆಗೆ ಹೋಯಿತು. ಆ ದುಃಖ ಇನ್ನೂ ಇದೆ.

ನಿವೃತ್ತನಾಗಿ ಮನೆಗೆ ಬಂದ ಮೇಲೆ ನಾನು ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ ಚಾದರದ ಮಡಿಕೆ ನೇರವಾಗಿದೆಯೇ ಎಂದು ನೋಡುವುದು. ಎರಡು ತಿಂಗಳು ಸಹಿಸಿದ ಹೆಂಡತಿ ಸುಮತಿ, ಮೂರನೆಯ ತಿಂಗಳು ನನ್ನನ್ನು ಲಾಯಿಲದ ಭಾನುವಾರದ ಕೂಟಕ್ಕೆ ಸೇರಿಸಿಬಿಟ್ಟಳು. ಮಾಜಿ ಸೈನಿಕರೂ ಅವರ ಮನೆಯವರೂ ಸೇರಿ ಒಂದು ಸಭಾಭವನದಲ್ಲಿ ನಡೆಸುವ ಕೂಟ ಅದು. ಬೆಳಿಗ್ಗೆ ಬಿ.ಪಿ. ನೋಡುತ್ತಾರೆ, ಯೋಗ ಮಾಡಿಸುತ್ತಾರೆ; ಅವಲಕ್ಕಿ, ಚಹಾ ಆದ ಮೇಲೆ ಭಜನೆ, ಚಿತ್ರಕಲೆ, ಯಕ್ಷಗಾನ. ಮನಸ್ಸು ಹಗುರವಾಗಬೇಕೆಂಬುದು ಉದ್ದೇಶ. ಆದರೆ ಹಗುರವಾಗುವುದನ್ನೂ ನಾವು ಹುಕುಂ ಎಂದೇ ತೆಗೆದುಕೊಂಡೆವು. ಶವಾಸನದಲ್ಲಿ ಮೂವತ್ತು ಜನ ಹಿಮ್ಮಡಿ ಜೋಡಿಸಿ, ಮುಷ್ಟಿ ಬಿಗಿದು, ಒಂದೇ ಸಾಲಿನಲ್ಲಿ ಮಲಗಿದ್ದನ್ನು ನೋಡಿ ಯೋಗದವರು, "ಸ್ವಲ್ಪ ಸಡಿಲ ಬಿಡಿ, ಯಾರೂ ನೋಡ್ಲಿಕ್ಕೆ ಬರುದಿಲ್ಲ," ಎಂದು ಬೇಡಿಕೊಂಡರು.

ಕೂಟಕ್ಕೆ ಒಂದು ನಿಯಮ ಉಂಟು. ಚಪ್ಪಲಿಯ ಜೊತೆ ರ‍್ಯಾಂಕನ್ನೂ ಹೊರಗೆ ಬಿಟ್ಟು ಬರಬೇಕು. ಹಾಗಾಗಿ ಯಕ್ಷಗಾನದ ಪಾತ್ರಗಳನ್ನು ಚೀಟಿ ಎತ್ತಿ ಹಂಚಿದರು. ನನಗೆ ರಾಜನ ಪಾತ್ರ ಬಂತು. ಕಾಡುಹಂದಿಗಳು ಪ್ರಜೆಗಳ ಬೆಳೆ ಹಾಳು ಮಾಡುತ್ತಿವೆ ಎಂದು ರಾಜನಿಗೆ ಸುದ್ದಿ ತರುವ ದೂತನ ಚೀಟಿ ಬಂದದ್ದು ಬಂಟ್ವಾಳದ ಸುಬೇದಾರ್ ಶೀನಪ್ಪ ಸಾಬರಿಗೆ. ಇವರು ಒಂದು ಕಾಲದಲ್ಲಿ ನನಗಿಂತ ಮೇಲಿನ ದರ್ಜೆಯ, ನನ್ನದೇ ತುಕಡಿಯ ಸುಬೇದಾರರು; ಸುಬೇದಾರರನ್ನು 'ಸಾಬ್' ಎನ್ನುವುದು ಸೇನೆಯ ರೂಢಿ. ಬೂಟಿಗೆ ಪಾಲಿಶ್ ಸಾಲದೆಂದು ನನ್ನನ್ನು ಮೈದಾನಕ್ಕೆ ಹನ್ನೊಂದು ಸುತ್ತು ಓಡಿಸಿದ ಮಹನೀಯರು. ಅವರು ಕೈಮುಗಿದು "ಪ್ರಭೂ" ಎಂದು ಬಂದರೆ ನಾನು ಕಾಲ ಮೇಲೆ ಕಾಲು ಹಾಕಿ "ಏನಯ್ಯಾ ದೂತ?" ಎನ್ನಬೇಕು. ದೇವರೇ ಗತಿ.

ಮೊದಲ ಅಭ್ಯಾಸದಲ್ಲಿ ದೂತ ಪ್ರವೇಶಿಸಿದ, ರಾಜ ಎದ್ದ. ಎರಡನೆಯ ಸಲವೂ ಎದ್ದ. ಮೂರನೆಯ ಸಲ ರಾಜ ಎದ್ದು "ಜೈ ಹಿಂದ್ ಸಾಬ್" ಎಂದೂ ಹೇಳಿದ. ಕಲಿಸುತ್ತಿದ್ದ ಟೀಚರ್ ತಾಳವನ್ನು ಕೆಳಗಿಟ್ಟರು. ಸಾಬ್ ಹೆಗಲ ವಸ್ತ್ರ ತೆಗೆದು ಮಡಚಿದರು.

"ಬೇಡ ಮಾರಾಯ. ನನ್ನಿಂದಾಗಿ ಆಟ ಹಾಳಾಗ್ತದೆ. ಬರುವ ವಾರದಿಂದ ನಾನು ಬರುದಿಲ್ಲ," ಎಂದರು.

ಅವರ ಮಗಳು ಮಮತಾ ನನ್ನನ್ನು ಕಂಬದ ಮರೆಗೆ ಕರೆದಳು. "ಅಂಕಲ್, ಅಮ್ಮ ಹೋದ ಮೇಲೆ ಅಪ್ಪ ಮನೆಯಲ್ಲಿ ಬಾಯಿ ಬಿಡುದೇ ಇಲ್ಲ. ಈಗ ದಿನಾ ಕನ್ನಡಿಯ ಎದುರು ನಿಂತು 'ಪ್ರಭೂ' ಅಂತ ಹೇಳಿ ಅಭ್ಯಾಸ ಮಾಡ್ತಾರೆ. ಅದೊಂದೇ ಮಾತು ನಮ್ಮ ಮನೆಯಲ್ಲಿ ಕೇಳುದು. ಬರುವ ಹಾಗೆ ನಾನು ಒಪ್ಪಿಸ್ತೇನೆ, ನೀವು ಹೇಗಾದ್ರೂ ಮಾಡಿ ಕೂತ್ಕೊಳ್ಳಿ."

ಹನ್ನೊಂದು ಸುತ್ತು ಓಡಿಸಿದ ಆ ಸ್ವರ ಒಂದು ಮನೆಯೊಳಗೆ ಸುಮ್ಮನಾಗಿ ಕುಳಿತದ್ದನ್ನು ನೆನೆಸಿ ನಿಜವಾಗಿ ಸಂಕಟವಾಯಿತು. ಕುಳಿತೇ ಇರುತ್ತೇನೆಂದು ಮಾತು ಕೊಟ್ಟೆ. ಮನೆಯಲ್ಲಿ ಸುಮತಿ ದೂತನಾಗಿ ಇಪ್ಪತ್ತು ಸಲ ಅಡುಗೆಮನೆಯಿಂದ ಪ್ರವೇಶಿಸಿದಳು. ನಾನು ಅಲ್ಲಾಡಲಿಲ್ಲ. "ನನಗೆ ಮಾತ್ರ ಏಳುದಿಲ್ಲ ಅಲ್ವಾ ನೀವು?" ಎಂದು ಅವಳು ಕೇಳಿದ್ದರಿಂದ ಅಭ್ಯಾಸ ಅಲ್ಲಿಗೇ ನಿಂತಿತು.

ಯಕ್ಷಗಾನದ ಆಟದ ದಿನ ಭವನ ತುಂಬಿತ್ತು. ಸುಮತಿ ಒಂದು ಉಪಾಯ ಮಾಡಿದಳು. ಜರಿ ಶಾಲು ಹೊದಿಸಿದ ಸಿಂಹಾಸನಕ್ಕೆ ನನ್ನ ಸೊಂಟವನ್ನು ಅವಳ ಹಳೆಯ ಸೀರೆಯಿಂದ ಬಿಗಿದು, ಮೂರು ಗಂಟು ಹಾಕಿ, "ಈಗ ಎದ್ದು ತೋರಿಸಿ ನೋಡುವ," ಎಂದಳು. ಎಲ್ಲ ಸರಿಯಿತ್ತು. ಸಿಂಹಾಸನ ಪ್ಲಾಸ್ಟಿಕ್ ಕುರ್ಚಿ ಎಂಬುದನ್ನು ಮಾತ್ರ ನಾವಿಬ್ಬರೂ ಮರೆತಿದ್ದೆವು.

ಚೆಂಡೆ ನುಡಿಯಿತು. ದೂತ ಪ್ರವೇಶಿಸಿದ. ರಾಜ ಎದ್ದ, ಸಿಂಹಾಸನವೂ ಜೊತೆಗೆ ಎದ್ದಿತು. ಹಿಂದೆ ಕುರ್ಚಿ ನೇತಾಡುತ್ತಿರಲು ನಾನು ಕವಾಯತಿನ 'ಸಾವಧಾನ್' ಭಂಗಿಯಲ್ಲಿ ನೆಟ್ಟಗೆ ನಿಂತಿದ್ದೆ. ಮಮತಾ ಮುಖ ಮುಚ್ಚಿಕೊಂಡಳು. ಮುಗಿಯಿತು, ಸಾಬ್ ಈಗ ಇಳಿದು ಹೋಗುತ್ತಾರೆ ಎಂದುಕೊಂಡೆ.

ಯಕ್ಷಗಾನದ ಮಾತು ಬಾಯಿಪಾಠದ್ದಲ್ಲ, ರಂಗದಲ್ಲೇ ಹುಟ್ಟಬೇಕು. ಸಾಬ್ ನನ್ನನ್ನು ಒಂದು ಸುತ್ತು ಹಾಕಿ, ಕುರ್ಚಿಯನ್ನು ಬಗ್ಗಿ ನೋಡಿ, ಕೈಮುಗಿದರು. "ಪ್ರಭೂ, ತಾವು ಏಳುವುದನ್ನು ನಾನು ಹಲವು ವರ್ಷಗಳಿಂದ ಕಂಡಿದ್ದೇನೆ. ಆದರೆ ಸಿಂಹಾಸನಕ್ಕೂ ಇಷ್ಟೊಂದು ಶಿಸ್ತು ಕಲಿಸಿದ್ದೀರೆಂದು ತಿಳಿದಿರಲಿಲ್ಲ." ಆಮೇಲೆ ಹಳೆಯ ಮೈದಾನದ ಸ್ವರದಲ್ಲಿ, "ಬೈಠ್!" ಎಂದರು.

ರಾಜನೂ ಸಿಂಹಾಸನವೂ ಒಟ್ಟಿಗೆ ಕುಳಿತವು.

ಸಭೆ ನಕ್ಕ ಸದ್ದಿಗೆ ಚೆಂಡೆಯವರು ಕೈ ನಿಲ್ಲಿಸಿದರು. ಆಮೇಲೆ ಸಾಬರೂ ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ಎರಡು ನಿಮಿಷದ ದೂತ ಅರ್ಧ ಗಂಟೆ ಮಾತಾಡಿದ. ಕಾಡುಹಂದಿಗಳನ್ನು ಎಡಗಡೆಯಿಂದ ಸುತ್ತುವರಿಯುವುದು ಹೇಗೆಂದು ರಾಜನಿಗೆ ಸವಿಸ್ತಾರವಾಗಿ ಪಾಠ ಹೇಳಿದ. ಟೀಚರ್ ತಡೆಯಲಿಲ್ಲ. ಮಮತಾ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ನನಗಂತೂ ಪರಮ ಸಂತೋಷವಾಗಿತ್ತು.

ಈಗ ಸಾಬ್ ದಿನವೂ ಸಂಜೆ ಫೋನ್ ಮಾಡುತ್ತಾರೆ. ಹೊಸ ಪ್ರಸಂಗ, ಮೊಣಕಾಲು ನೋವು, ಬಂಟ್ವಾಳದ ಮೀನಿನ ರೇಟು, ಎಲ್ಲ ಮಾತಾಡುತ್ತಾರೆ. ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ.

"ಮಹಾರಾಜರು ಕೂತಿದ್ದಾರಾ?"

"ಕೂತಿದ್ದೇನೆ ಸಾಬ್," ಎನ್ನುತ್ತೇನೆ, ಹಿಮ್ಮಡಿ ಜೋಡಿಸಿ ನಿಂತುಕೊಂಡು. ಸುಮತಿ ಸದ್ದಿಲ್ಲದೆ ಕುರ್ಚಿಯನ್ನು ನನ್ನ ಹಿಂದಕ್ಕೆ ಸರಿಸಿ ಹೋಗುತ್ತಾಳೆ.