ಬೆಳಕಿಂಡಿಯ ನೇರ ದಾರಿ

ಕಲಿತ ವಿದ್ಯೆ ಯಾವಾಗ ಕೈಹಿಡಿಯುತ್ತದೋ ನನಗೆ ಗೊತ್ತಿಲ್ಲ, ಯಾವಾಗ ಕೈಕೊಡುತ್ತದೆಂದು ಮಾತ್ರ ಹೇಳಬಲ್ಲೆ. ಕಾಲೇಜಿನಲ್ಲಿ ನನಗೆ ಗಣಿತದ ವೆಕ್ಟರ್ ಹುಚ್ಚು ಹಿಡಿದಿತ್ತು. ನೀವು ಎಲ್ಲೆಲ್ಲಿ ಸುತ್ತಿದಿರೆಂಬ ಪಂಚಾಯಿತಿ ಅದಕ್ಕೆ ಬೇಡ. ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಒಂದು ನೇರ ಗೆರೆ. ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು, ಮೇಲಕ್ಕೆಷ್ಟು ಎಂದರೆ ಮುಗಿಯಿತು. ಹಿರೇಕೆರೂರಿನ ಸಾಲೆಯಲ್ಲಿ ಮಾಸ್ತರನಾದ ಮೇಲೆ, ಇದ್ದಿಲಿನ ಗ್ಯಾಸಿನಿಂದ ಓಡುವ ಯುದ್ಧಕಾಲದ ಮೋಟಾರಿನಲ್ಲಿ ಹಾನಗಲ್ಲ, ಶಿಗ್ಗಾವಿ ಸುತ್ತಿ ಸವಣೂರಿನ ಮನೆಗೆ ಬರುವಾಗಲೆಲ್ಲ ಆ ಗೆರೆಯನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದೆ.

ಮದುವೆಯಾದ ವರ್ಷ ಆಷಾಢಕ್ಕೆ ಹೆಂಡತಿ ತವರಿಗೆ ಹೋದಳು. ತವರೆಂದರೆ ದೂರವೇನಲ್ಲ, ನಮ್ಮ ಹಿಂದಿನ ಓಣಿ. ಆದರೆ ಆ ತಿಂಗಳು ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಬಾರದು, ಅತ್ತೆ ಸೊಸೆಯೂ ದಾಟಬಾರದು. ನಾನು ರಜೆಗೆ ಬಂದಿದ್ದೆ. ಮರುದಿನ ಬೆಳಗ್ಗೆಯೇ ಮೋಟಾರು. ಅವಳ ಮುಖ ನೋಡದೆ ಹೋದರೆ ಶ್ರಾವಣದ ತನಕ ಬದುಕುವುದಿಲ್ಲವೆಂದು ನಿಜಕ್ಕೂ ನಂಬಿದ್ದೆ. ಆಗ ಹೊಳೆಯಿತು: ಹೊಸ್ತಿಲಿರುವುದು ನೆಲದ ಮೇಲೆ. ಮೇಲಿನಿಂದ ಇಳಿದವನು ಅದನ್ನು ದಾಟುವುದೇ ಇಲ್ಲ! ಓಣಿಯಲ್ಲಿ ಹೋದರೆ ಮಸೀದಿ ಸುತ್ತಬೇಕು. ಮಣ್ಣು ಹಾಸಿದ ಮಾಳಿಗೆಗಳು ಮಾತ್ರ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಅತ್ತೆಯವರ ಅಡುಗೆಮನೆಯ ಮೇಲೆ ಬೆಳಕಿಂಡಿ, ಅದರ ಕೆಳಗೆ ನನ್ನಾಕೆ.

ಇಳಿಹೊತ್ತಿಗೆ ಜಿಟಿಜಿಟಿ ಮಳೆಯಲ್ಲೇ ಮಾಳಿಗೆ ಹತ್ತಿದೆ. ಕಾಲಿಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಬೆಳಕಿಂಡಿಯ ಮುಚ್ಚಳ ಸರಿಸಿ ಎರಡೂ ಕಾಲು ಇಳಿಬಿಟ್ಟೆ. ಗಣಿತದ ಗೆರೆಗೆ ದಪ್ಪವಿಲ್ಲ, ಮದುವೆಯ ಹೋಳಿಗೆ ತಿಂದ ನನ್ನ ಹೊಟ್ಟೆಗಿತ್ತು. ನಡುವಿಗೆ ಸರಿಯಾಗಿ ಸಿಕ್ಕಿಕೊಂಡೆ. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕೇಳಿಬಂದದ್ದು ಹೆಂಡತಿಯ ದನಿಯಲ್ಲ, ಅತ್ತೆಯದು.

"ಅಳಿಯಂದ್ರ, ನಾವು ಕೊಟ್ಟ ಧೋತರ ಅಂತ ಗುರ್ತ ಹಿಡದೆ. ಅಕಿ ಇಲ್ಲಿ ಇಲ್ರಿ. ನಿಮ್ಮನ್ನ ನೋಡಾಕಂತ ಈಗ ನಿಮ್ಮ ಮನಿ ಕಡೆ ಹೋದ್ಳು."

ಮಾವನವರು ನಿಚ್ಚಣಿಕೆ ಹತ್ತಿ ಕೆಳಗಿನಿಂದ ನೂಕಿದರು. ಅವರು ನಗುತ್ತಿದ್ದುದರಿಂದ ನೂಕಿಗೆ ಬಲ ಬರಲು ಹೊತ್ತಾಯಿತು. ಬಂದ ದಾರಿಯಲ್ಲೇ ಮರಳಿ, ನಮ್ಮ ಮಾಳಿಗೆ ಇಳಿದು ಬಾಗಿಲಿಗೆ ಬಂದರೆ, ಹೊರಗಿನ ಕಟ್ಟೆಯ ಮೇಲೆ ಹೆಂಡತಿ ಆರಾಮಾಗಿ ಕುಳಿತಿದ್ದಾಳೆ. ಒಳಗಿನಿಂದ ಅವ್ವ ತಾಟಿನಲ್ಲಿ ಕರಿದ ಖಾರದ ತಿಂಡಿ ಕೊಡುತ್ತಿದ್ದಾಳೆ. ಇಬ್ಬರ ನಡುವೆ ಹೊಸ್ತಿಲು ತನ್ನ ಪಾಡಿಗೆ ತಾನಿದೆ. ಇದು ನಡೆಯುತ್ತದೆಯೇ ಎಂದು ಅವಳನ್ನೇ ಕೇಳಿದೆ.

"ಹೊಸ್ತಿಲಾ ದಾಟಬ್ಯಾಡ ಅಂದಾರ್ರಿ. ಕಟ್ಟಿ ಮ್ಯಾಲ ಕುಂದರಬ್ಯಾಡ ಅಂತ ಯಾರೂ ಅಂದಿಲ್ಲ," ಎಂದಳು. ನನ್ನ ಧೋತರ ನೋಡಿದಳು, ತುಸು ಸರಿದು ಜಾಗ ಕೊಟ್ಟಳು.

ಮೈಯೆಲ್ಲ ಮಣ್ಣಾದ ನಾನು ಅವಳ ಪಕ್ಕದಲ್ಲಿ ಕುಳಿತೆ. ಮಳೆ ನಿಂತಿತ್ತು, ಖಾರ ಗರಿಗರಿಯಾಗಿತ್ತು. ಅಂಥ ಸುಖದ ಸಂಜೆ ಆಮೇಲೆ ಹೆಚ್ಚು ಬರಲಿಲ್ಲ. ಇವತ್ತಿಗೂ ನೆನೆದರೆ ಎದೆ ತುಂಬುತ್ತದೆ. ಹೊರಟ ಮನೆಗೇ ಬಂದು ಮುಟ್ಟಿದ್ದರಿಂದ ವೆಕ್ಟರಿನ ಲೆಕ್ಕದಲ್ಲಿ ಆ ದಿನ ನಾನು ಎಲ್ಲಿಗೂ ಹೋಗಿಯೇ ಇಲ್ಲ. ಈಗಲೂ ಎಲ್ಲಿಗೆ ಹೊರಟರೂ ದಾರಿ ಹೇಳುವವಳು ಅವಳೇ. ನಾನು ಚೀಲ ಹಿಡಿದು ಹಿಂದೆ ನಡೆಯುತ್ತೇನೆ.