ಚಕ್ಕಳಮಕ್ಕಳ ಕೂರಲಾರದ ಬೀಗ

ನೋವುಗಳಲ್ಲಿಯೂ ಮರ್ಯಾದಸ್ಥ ನೋವು, ಮಾನಗೇಡಿ ನೋವು ಎಂದು ಎರಡು ಜಾತಿ. ಹಲ್ಲುನೋವು ಎಂದರೆ ಜನ ‘ಅಯ್ಯೋ ಪಾಪ’ ಎನ್ನುತ್ತಾರೆ. ತೊಡೆಸಂದಿಯ ನೋವು ಎಂದು ಹೇಳಿನೋಡಿ, ಕೇಳಿದವರು ನಿಮ್ಮ ಹೆಂಡತಿಯ ಮುಖ ನೋಡುತ್ತಾರೆ. ಹಾಗಾಗಿ ನಾನು ಯಾರಿಗೂ ಹೇಳದೆ, ಹಾವೇರಿಯ ನಮ್ಮ ಕಚೇರಿಯಲ್ಲಿ ಗಳಿಗೆಗೊಮ್ಮೆ ಕುರ್ಚಿಯಿಂದ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದೆ. ಚಹದವನ ದಾರಿ ಕಾಯುತ್ತಿದ್ದೇನೆಂದು ಸಾಹೇಬರು ತಿಳಿದಿದ್ದರು.

ಕೊನೆಗೆ ರಾಣೆಬೆನ್ನೂರಿನ ಎಲುಬಿನ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ತೊಡೆಯೆಲುಬಿನ ಗುಂಡು ಕೂರುವ ಬಟ್ಟಲಿನ ಅಂಚಿನಲ್ಲಿ ಎಲುಬು ಹೆಚ್ಚಾಗಿ ಬೆಳೆದಿದೆ, ಕಾಲು ಮಡಚಿದಾಗಲೆಲ್ಲ ತಾಕುತ್ತದೆ ಎಂದರು. ನನ್ನ ಮೈಯಲ್ಲಿ ಬೆಳೆಯಬೇಕಾದ್ದು ಯಾವುದೂ ಬೆಳೆಯದೆ ಇದೊಂದು ಬೆಳೆದಿತ್ತು. “ಮೊದಲ ವ್ಯಾಯಾಮ ಮಾಡ್ರಿ, ಗುಳಿಗಿ ತಗೋರಿ. ಆಗಲಿಲ್ಲಂದ್ರ ಕೀಲಿಗೆ ಇಂಜೆಕ್ಷನ್. ಅದಕ್ಕೂ ಬಗ್ಗಲಿಲ್ಲಂದ್ರ ದೊಡ್ಡೂರಾಗ ಸಣ್ಣ ತೂತು ಮಾಡಿ ಹೆಚ್ಚಿನ ಎಲುಬು ಕೆರದು ತಗೀತಾರ. ಚಕ್ಕಳಮಕ್ಕಳ ಕುಂದ್ರೂದು ಮಾತ್ರ ಇವತ್ತಿಂದ ಬಂದ್” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಶಾಂತಾ, “ಬರೂ ಐತವಾರ ಬ್ಯಾಡಗಿ ಬೀಗರ ಮನ್ಯಾಗ ಮಾತುಕತಿ ಐತಿ. ಅಲ್ಲಿ ಹೆಂಗ ಕುಂದರ್ತೀರಿ?” ಎಂದಳು. ನನಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಮಗಳು ಗಿರಿಜಾ ಬಿ.ಎಡ್. ಓದುತ್ತಿದ್ದಳು. ಹುಡುಗನನ್ನು ಅವಳು ಒಪ್ಪಿದ್ದಳು. ಆದರೆ ಬೀಗರಿಗೆ ಕಾಲೇಜು ಬಿಡಿಸಿ ಬೇಗ ಮದುವೆ ಮಾಡುವ ಆತುರ. “ಅಪ್ಪಾ, ಓದು ಮುಗಸಾಕ ಬಿಡ್ರಿ ಅಂತ ಒಂದ್ ಮಾತು ಹೇಳ್ರಿ” ಎಂದು ಅವಳು ಬೇಡಿಕೊಂಡಿದ್ದಳು. ಹೂಂ ಎಂದಿದ್ದೆ. ಕ್ಷೌರಿಕನಿಗೆ ‘ಇಷ್ಟು ಸಾಕಪ್ಪ’ ಎನ್ನಲೂ ಬಾಯಿ ಬಾರದ ಪ್ರಾಣಿ ನಾನು. ಆ ಹೂಂ ಎಂದಂದಿನಿಂದ ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ ಒದ್ದಾಡುತ್ತಿದ್ದೆ.

ಬ್ಯಾಡಗಿಯಲ್ಲಿ ಜಮಖಾನ ಹಾಸಿತ್ತು. ಬೀಗರು ನೆಲದ ಮೇಲಿರುವಾಗ ಹೆಣ್ಣಿನ ಅಪ್ಪ ಕುರ್ಚಿ ಕೇಳುವುದುಂಟೆ? ಹಲ್ಲು ಕಚ್ಚಿ ಚಕ್ಕಳಮಕ್ಕಳ ಕೂತೆ. ಶಾಂತಾ ಹೆಂಗಸರ ಜೊತೆ ದೂರದ ಒಳಬಾಗಿಲಿನಿಂದ ನೋಡುತ್ತಿದ್ದಳು. ಹುಡುಗನ ತಂದೆ ಬಸಣ್ಣನವರು ಮೆಣಸಿನಕಾಯಿ ದಲಾಲರು. ಹೊಸ ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಮುಂದಿಟ್ಟುಕೊಂಡು, “ಲಗ್ನ ನಮ್ಮೂರಾಗ ಆಗ್ಲಿ” ಎನ್ನುವಷ್ಟರಲ್ಲಿ ನನ್ನ ಕೀಲು ಹಿಡಿಯಿತು. ಸಟಕ್ಕನೆ ಎದ್ದು ನಿಂತೆ. ಅವರ ಮುಖ ಸಪ್ಪಗಾಯಿತು. ಮಾತಿನ ನಡುವೆ ಎದ್ದವನು ದರ ಒಪ್ಪದ ಗಿರಾಕಿ ಎಂಬುದು ಅವರ ಪೇಟೆಯ ಪದ್ಧತಿಯಂತೆ. ಗುಮಾಸ್ತನಾದ ನಾನೇನು ಬಲ್ಲೆ? “ಕುಂದರ್ರಿ, ಕುಂದರ್ರಿ. ಹಾವೇರ್ಯಾಗ ಆಗ್ಲಿ” ಎಂದರು. ಕೂತೆ. “ಎರಡ್ ದಿನದ ಲಗ್ನ ಮಾಡೂಣು” ಎಂದರು. ಮತ್ತೆ ಹಿಡಿಯಿತು, ಮತ್ತೆ ಎದ್ದೆ. “ಆತ್ರೀಪಾ, ಒಂದ ದಿನದಾಗ ಮುಗಸೂಣು!” ಎಂದರು.

ಆಮೇಲೆ ಬಂತು ಆ ಮಾತು. “ಹುಡುಗಿ ಕಾಲೇಜು ಬಿಡ್ಲಿ. ಓದಿ ಏನ್ ಮಾಡೂದೈತಿ?” ನಾನು ಕೀಲಿನ ದಾರಿ ಕಾದೆ. ಸುದ್ದಿಯಿಲ್ಲ. ಕಾಲನ್ನು ಇನ್ನಷ್ಟು ಮಡಚಿದೆ, ಮಂಡಿಯನ್ನು ಒತ್ತಿದೆ. ಹಾಳಾದದ್ದು, ಎರಡು ಸಲ ಎದ್ದು ನಿಂತಿದ್ದಕ್ಕೋ ಏನೋ, ಹಾಯಾಗಿತ್ತು. ಬಸಣ್ಣನವರು ನನ್ನನ್ನೇ ನೋಡುತ್ತಿದ್ದರು. ಗಿರಿಜಾಳ ಮುಖ ನೆನಪಾಯಿತು. ಎದ್ದೆ. ಯಾವ ನೋವೂ ಇಲ್ಲದೆ, ನಾನಾಗಿಯೇ ಎದ್ದು ನಿಂತೆ. “ಪರೀಕ್ಷಾ ಮುಗೀಲ್ರಿ” ಎಂದ ದನಿ ನನ್ನದೇ.

“ಭಾರೀ ಗಟ್ಟಿ ಮನಷ್ಯಾರದೀರಿ. ಮುಗೀಲಿ ಬಿಡ್ರಿ” ಎಂದರು ಬಸಣ್ಣನವರು.

ಮನೆಗೆ ಬಂದೊಡನೆ ಶಾಂತಾ ಮಗಳಿಗೆ, “ಇವರ ಬಾಯಿಂದ ಏನಾಗ್ತಿತ್ತು? ಮೂರೂ ಸಲ ಕೀಲು ಹಿಡದು ಎಬ್ಬಿಸ್ತು, ನಿನ್ನ ದೈವ ಚೊಲೊ ಐತಿ” ಎಂದಳು. ಮೂರನೆಯ ಸಲ ನೋವಿರಲಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಕಣ್ಣೊರೆಸಿಕೊಳ್ಳುತ್ತ ಬಿಸಿನೀರಿನ ಚೀಲ ತಂದು, “ಭಾಳ ನೋವಾತೇನ್ರಿ ಅಪ್ಪಾ?” ಎಂದಳು. ಹೂಂ ಎಂದು ನರಳಿ, ಹಾಯಾಗಿದ್ದ ಕಾಲನ್ನೇ ಚಾಚಿದೆ.