ಚಿಗಟದ ಹೊಟ್ಟೆಯೊಳಗಿನ ಜಂತು

ಇಲಿ ಹಿಡಿದು ಹೊಟ್ಟೆ ಹೊರೆಯುವವನಿಗೆ ನಗುವಿಗೇನೂ ಬರವಿಲ್ಲ. ಒಂದು ತಮಾಷೆ ಮರೆಯುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ.

ಪ್ಲೇಗಿನ ಕಾಲ. ಸವದತ್ತಿಯಲ್ಲಿ ಬಿಡಾರ ಹೂಡಿದ್ದ ಡಾಕ್ಟರ್ ಸಾಹೇಬರಿಗೆ ನಾನು ಸಹಾಯಕ. ಹೊಲದ ಇಲಿಗಳ ಮೈಯಿಂದ ಚಿಗಟ ಬಾಚುವುದು, ಅದರ ಹೊಟ್ಟೆ ಸೀಳಿ ಒಳಗೆ ದಾರದಂಥ ಹುಳು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ, ನಮ್ಮ ಬಾಯಲ್ಲಿ ಅದೂ ದುರ್ಬೀನೇ, ನೋಡುವುದು, ಇಷ್ಟೇ ಕೆಲಸ. ನನ್ನ ಮದುವೆ ಈ ನೌಕರಿಗೇ ಜೋತುಬಿದ್ದಿತ್ತು. "ನೌಕರಿ ಕಾಯಂ ಅದನೋ ಇಲ್ಲೋ ಬಂದು ನೋಡ್ತೇನಿ, ಆಮ್ಯಾಲೆ ಮುಂದಿನ ಮಾತು" ಎಂದು ಹುಡುಗಿಯ ತಂದೆ, ರಾಮದುರ್ಗದ ಜೋಯಿಸರು, ಹೇಳಿಕಳಿಸಿದ್ದರು. ಹುಡುಗಿಯನ್ನು ಒಮ್ಮೆ ನೋಡಿ ಬಂದಿದ್ದ ನನಗೆ ಅಂದಿನಿಂದ ಅನ್ನ ಸೇರುತ್ತಿರಲಿಲ್ಲ.

ಎರೆದ ಇಲಿ

ಹೂಲಿಯ ಗೌಡರೊಬ್ಬರಿಗೆ ಜೀವಂತ ಇಲಿ ಬೇಕೆಂದು ಹೇಳಿಟ್ಟಿದ್ದೆ. ಬುಟ್ಟಿ ತುಂಬ ತಂದರು. ಸಾಹೇಬರು ಬಾಚಿದರು, ನಾನು ಬಾಚಿದೆ. ಒಂದು ಚಿಗಟವೂ ಉದುರಲಿಲ್ಲ. ಇಲಿಗಳು ಮಾತ್ರ ಘಮಘಮ.

"ಏನ್ ಮಾಡೀರಿ ಗೌಡ್ರ ಇವಕ್ಕ?"

"ಸಾಹೇಬರು ಕೈಯಾಗ ಹಿಡಿಯೂವು, ಹೊಲಸು ಹ್ಯಾಂಗ ತರೂದ್ರಿ? ಸೀಗಿಕಾಯಿ ಹಚ್ಚಿ ಎರದು, ಬಿಸಲಾಗ ಒಣಗಿಸಿ ತಂದೇನಿ."

"ಕಚ್ಚಲಿಲ್ಲೇನ್ರಿ?"

"ಕಚ್ಚಿದ್ವು. ಕಣ್ಣಾಗ ಸೀಗಿಕಾಯಿ ಹೋದ್ರ ನಮ್ಮ ಹುಡುಗ್ರೂ ಕಚ್ಚತಾವ ಬಿಡ್ರಿ."

ಔಡಲೆಣ್ಣೆ

ನಾನು ದುರ್ಬೀನಿಗೆ ಕಣ್ಣಿಟ್ಟಿದ್ದಾಗ ಪಕ್ಕದ ಮನೆಯ ಅಜ್ಜಿ ಬಂದಳು.

"ಏನ್ ನೋಡಾಕ ಹತ್ತಿಯೋ?"

"ಚಿಗಟದ ಹೊಟ್ಯಾಗ ಜಂತ ಆಗ್ಯಾವ ಆಯಿ."

ಅಜ್ಜಿಯ ಮುಖ ಬಾಡಿತು. ಮನೆಗೆ ಹೋಗಿ ಬಟ್ಟಲಲ್ಲಿ ಔಡಲೆಣ್ಣೆ ತಂದಳು. "ತಗೋ, ಒಂದು ಹನಿ ಕುಡಸು. ಬೆಲ್ಲಾ ಮುಕ್ಕಿರಬೇಕು."

"ಚಿಗಟಕ್ಕ ಔಷಧ ಕೊಡಾಕ ಬಂದಿಲ್ಲ ಆಯಿ ನಾವು."

"ಪಾಪ, ಹೊಟ್ಟಿ ಕಡಿತಕ್ಕ ಅಲ್ಲೇನೋ ಅದು ಹಂಗ ಜಿಗದಾಡೂದು?"

ಕಾಯಂ ನೌಕರಿ

ಕೊನೆಗೆ ಜೋಯಿಸರು ಬಂದೇಬಿಟ್ಟರು. ಧೋತರ ಎತ್ತಿ ಹಿಡಿದು ಇಲಿಬುಟ್ಟಿಗಳಿಂದ ದೂರವೇ ನಿಂತರು.

"ಪ್ಲೇಗ ಹೋತಂದ್ರ ನಿಮ್ಮ ನೌಕರಿ?"

ಸಾಹೇಬರ ಎದುರು ಸುಳ್ಳು ಹೇಳುವಂತಿರಲಿಲ್ಲ. "ಅದೂ ಹೋಗ್ತದ್ರಿ" ಎಂದೆ. ಜೋಯಿಸರು ಚಪ್ಪಲಿ ಮೆಟ್ಟಿಕೊಂಡರು.

ಸಾಹೇಬರಿಗೆ ನನ್ನ ಮುಖ ನೋಡಿ ಕನಿಕರ ಹುಟ್ಟಿರಬೇಕು. "ಇಷ್ಟು ದೂರ ಬಂದೀರಿ, ದುರ್ಬೀನಿನಾಗ ಒಮ್ಮೆ ನೋಡಿ ಹೋಗ್ರಿ" ಎಂದರು.

ಜೋಯಿಸರು ಮೈ ತಾಗದಂತೆ ಬಗ್ಗಿ ಒಂದು ಕಣ್ಣು ಮುಚ್ಚಿದರು. "ಏನ್ರೀ ಇದು, ಬಳಕ್ಯಾಡ್ಲಿಕ್ಕೆ ಹತ್ಯದ?"

"ಹುಳ ರೀ. ಇಲಿ ಮೈಮ್ಯಾಲೆ ಚಿಗಟ, ಚಿಗಟದ ಹೊಟ್ಟ್ಯಾಗ ಇದು" ಎಂದೆ.

"ಇದರ ಹೊಟ್ಟ್ಯಾಗ?"

"ಇನ್ನೂ ನೋಡಿಲ್ರಿ."

ಜೋಯಿಸರು ಪಂಚಾಂಗದ ಲೆಕ್ಕ ಹಾಕುವವರ ಹಾಗೆ ಬೆರಳು ಮಡಚುತ್ತ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಅಲ್ಲೇ ಕುಳಿತರು.

"ಮೊದಲ ಇಲಿ ಮುಗೀಬೇಕು. ಆಮ್ಯಾಲೆ ಚಿಗಟ. ಆಮ್ಯಾಲೆ ಈ ಹುಳ. ಅದರ ಹೊಟ್ಟ್ಯಾಗ ಇನ್ನೇನದನೋ ದೇವರಿಗೇ ಗೊತ್ತು. ಸರಕಾರ ಮುಳುಗಿದ್ರೂ ಈ ನೌಕರಿ ಮುಳುಗೂದಿಲ್ಲ. ಲಗ್ನ ವೈಶಾಖದಾಗ ಇಟ್ಕೊಳ್ಳೂಣ್ರಿ."